ಟಾಹೋ ನೀಲಿ, ಮತ್ತೆ ನಮ್ಮ "ಸಿವಿಕ್ ಸೆನ್ಸ್" ಭಾಷಣ

ಬೇ ಏರಿಯಾದ ಕನ್ನಡಿಗರ ಗುಂಪೊಂದು ಲೇಕ್ ಟಾಹೋಗೆ ಹೋಗಿ, ದಡದಲ್ಲಿ ನಿಂತು, ಹತ್ತು ನಿಮಿಷದೊಳಗೆ "ನಮ್ಮ ಬೆಂಗಳೂರಿನ ಕೆರೆಗಳೂ ಹೀಗಿದ್ದಿದ್ರೆ..." ಅನ್ನದೇ ವಾಪಸ್ ಬಂದಿದ್ದನ್ನ ನಾನಂತೂ ನೋಡಿಲ್ಲ. ಅದರ ಬೆನ್ನಲ್ಲೇ ಎರಡನೇ ಮಾತು ಬರುತ್ತೆ: "ನಮ್ಮ ಜನಕ್ಕೆ ಸಿವಿಕ್ ಸೆನ್ಸೇ ಇಲ್ಲ ಬಿಡ್ರೀ." ಮೂರನೆಯದು ಯಾರೋ ಚಿಪ್ಸ್ ಪ್ಯಾಕೆಟ್ ಒಡೆಯೋ ಸದ್ದು. ಅಲ್ಲಿಗೆ ಚರ್ಚೆ ಮುಗೀತು :)

ಮೊದಲನೇ ಮಾತಿನ ಬಗ್ಗೆ ನನ್ನ ತಕರಾರಿಲ್ಲ. ಅದು ಆಸೆ, ಒಳ್ಳೇ ಆಸೆ. ನನ್ನ ಜಗಳ ಇರೋದು ಎರಡನೇ ಮಾತಿನ ಜೊತೆ. ಯಾಕಂದ್ರೆ ಅದು ಟಾಹೋ ಬಗ್ಗೆನೂ ಸುಳ್ಳು, ನಮ್ಮ ಕೆರೆಗಳ ಬಗ್ಗೆನೂ ಸುಳ್ಳು. ಸುಳ್ಳು ಅನ್ನೋದಕ್ಕಿಂತ ದೊಡ್ಡ ತೊಂದರೆ ಅಂದ್ರೆ, ಅದು ತುಂಬಾ ಅನುಕೂಲದ ಮಾತು. ಹೇಳಿದವರು ಏನೂ ಮಾಡಬೇಕಾಗಿಲ್ಲ. ಜನ ಸರಿ ಇಲ್ಲ ಅಂದಮೇಲೆ ಯಾರು ತಾನೆ ಏನು ಮಾಡೋಕಾಗುತ್ತೆ?

ಈ ಬೇಸಿಗೆಯಲ್ಲಿ ನಾವು ಎಂಟು ಜನ, ಎರಡು ಕಾರು, ಒಂದು ಬಾಡಿಗೆ ಕ್ಯಾಬಿನ್ ಅಂತ ಮಾಡ್ಕೊಂಡು ಟಾಹೋಗೆ ಹೋಗಿದ್ದೆವು. ಎರಡು ರಾತ್ರಿಗೆ ತಗೊಂಡು ಹೋದ ಸಾಮಾನು ನೋಡಿದ್ರೆ ಮನೆ ಬದಲಾಯಿಸ್ತಿದ್ದಾರೆ ಅನ್ನಬೇಕು. ಕುಕ್ಕರ್, ಕಾಫಿ ಫಿಲ್ಟರ್, ಪುಳಿಯೋಗರೆ ಗೊಜ್ಜು, ಎರಡು ಬಗೆ ಚಟ್ನಿಪುಡಿ, ಮೊಸರಿನ ದೊಡ್ಡ ಡಬ್ಬ. "ಅಲ್ಲೂ ಅಂಗಡಿ ಇರುತ್ತೆ ಕಣ್ರೋ" ಅಂತ ದಾವಣಗೆರೆಯವನು ಹೇಳ್ತಾನೇ ಇದ್ದ. ಹೇಳ್ತಾ ಹೇಳ್ತಾ ಮಂಡಕ್ಕಿ ಚೀಲ ಮಾತ್ರ ತನ್ನ ತೊಡೆ ಮೇಲೇ ಇಟ್ಕೊಂಡಿದ್ದ.

ನಮ್ಮ ಮನೆಯಿಂದ ಸುಮಾರು 200 ಮೈಲಿ. ಟ್ರಾಫಿಕ್ ಇಲ್ಲದಿದ್ರೆ ನಾಲ್ಕು ಗಂಟೆ. ಆದರೆ ಶುಕ್ರವಾರ ಸಂಜೆ ಟ್ರಾಫಿಕ್ ಇಲ್ಲದಿರೋದು ಅನ್ನೋದು ಕತೆಗಳಲ್ಲಿ ಮಾತ್ರ. ಸ್ಯಾಕ್ರಮೆಂಟೋ ದಾಟಿ ಹೈವೇ 50 ಹಿಡಿದು, ಪ್ಲಾಸರ್ವಿಲ್ ಕಳೆದ ಮೇಲೆ ರಸ್ತೆ ಬೆಟ್ಟ ಹತ್ತೋಕೆ ಶುರುಮಾಡುತ್ತೆ. ಪಕ್ಕದಲ್ಲಿ ಅಮೆರಿಕನ್ ನದಿ, ಎರಡೂ ಕಡೆ ಪೈನ್ ಮರ. ಎಕೋ ಸಮಿಟ್ ದಾಟಿ ಕೆಳಗೆ ಇಳಿಯೋವಾಗ ದೂರದಲ್ಲಿ ಒಂದು ನೀಲಿ ಪಟ್ಟಿ ಕಾಣುತ್ತೆ. ಎಷ್ಟನೇ ಸಲ ಹೋದರೂ ಅಲ್ಲಿ ಕಾರಿನೊಳಗಿನ ಮಾತು ಒಂದು ಕ್ಷಣ ನಿಂತುಹೋಗುತ್ತೆ.

ಮಾರನೇ ದಿನ ಬೆಳಿಗ್ಗೆ ಎಮರಾಲ್ಡ್ ಬೇಗೆ ಹೋದೆವು. ಪಾರ್ಕಿಂಗ್ ಸಿಗಬೇಕು ಅಂದ್ರೆ ಎಂಟು ಗಂಟೆಯೊಳಗೆ ಅಲ್ಲಿರಬೇಕು. ಮೇಲಿನಿಂದ ಸುಮಾರು ಒಂದು ಮೈಲಿ ಇಳಿದರೆ ನೀರು. ಕೊಲ್ಲಿಯ ನಡುವೆ ಪುಟ್ಟ ಫ್ಯಾನೆಟ್ ದ್ವೀಪ, ಇಡೀ ಸರೋವರಕ್ಕೆ ಇರೋದು ಅದೊಂದೇ ದ್ವೀಪ. ದಡದ ಹತ್ತಿರ ನೀರು ಎಷ್ಟು ತಿಳಿ ಅಂದ್ರೆ, ಕೆಳಗಿರೋ ಕಲ್ಲುಗಳನ್ನ ಎಣಿಸಬಹುದು. ಕೋಲಾರದ ಗೆಳೆಯ "ಏನ್ ಮಹಾ ಚಳಿ" ಅಂತ ನೀರಿಗೆ ಹಾರಿದ. ಅವನು ಕೂಗಿದ ಕೂಗು ನೆವಾಡಾ ದಡದವರೆಗೂ ಕೇಳಿಸಿರಬೇಕು. ಬೇಸಿಗೆಯಲ್ಲೂ ಅದು ಹಿಮ ಕರಗಿದ ನೀರೇ ತಾನೆ.

ಅವತ್ತು ಸಂಜೆ ಕ್ಯಾಬಿನ್ನಿನಲ್ಲಿ ಚಿತ್ರಾನ್ನ ತಿಂತಾ ಆ ಎರಡೂ ಮಾತು ಬಂದವು, ಪದ್ಧತಿಯಂತೆ. ಕೋಲಾರದವನು ಮಾತ್ರ ಒಪ್ಪಲಿಲ್ಲ. ಅವನು ಹೇಳಿದ್ದಕ್ಕೆ ಆಮೇಲೆ ಬರ್ತೀನಿ. ಮೊದಲು ಟಾಹೋ ಕತೆ. ಈ ಸರೋವರದ ಬಗ್ಗೆ ನಾನು ಸುಮಾರು ದಿನದಿಂದ ಓದ್ತಾ ಇದ್ದೀನಿ. ಓದಿದಷ್ಟೂ ಅದರ ನೀಲಿ ಬೇರೆ ಥರ ಕಾಣೋಕೆ ಶುರುವಾಗಿದೆ.

ಟಾಹೋ ನಮಗೆ "ಮುಟ್ಟದ ಪ್ರಕೃತಿ" ಥರ ಕಾಣುತ್ತೆ. ಅಲ್ಲ. ಸಾವಿರಾರು ವರ್ಷಗಳಿಂದ ಅದು ವಾಶೋ ಜನರ ಬೇಸಿಗೆಯ ನೆಲೆ. ಟಾಹೋ ಅನ್ನೋ ಹೆಸರೇ ಸರೋವರಕ್ಕೆ ಅವರು ಹೇಳೋ ಪದವನ್ನ ಬಿಳಿಯರು ತಪ್ಪಾಗಿ ಉಚ್ಚರಿಸಿದ್ದು. 1859ರಲ್ಲಿ ನೆವಾಡಾ ಕಡೆ ಕಾಮ್‌ಸ್ಟಾಕ್ ಬೆಳ್ಳಿ ಸಿಕ್ಕಿದ ಮೇಲೆ, ವರ್ಜೀನಿಯಾ ಸಿಟಿಯ ಗಣಿಗಳಿಗೆ ಆಸರೆ ಕೊಡೋಕೆ ಈ ಬೆಟ್ಟಗಳ ಮರಗಳನ್ನ ಕಡಿದು ಸಾಗಿಸಿದರು. ಹತ್ತೊಂಬತ್ತನೇ ಶತಮಾನ ಮುಗಿಯೋ ಹೊತ್ತಿಗೆ ಸುತ್ತಲಿನ ಕಾಡಿನ ಬಹುಪಾಲು ಬೋಳಾಗಿತ್ತು. ವಾಶೋಗಳು ತಮ್ಮದೇ ಸರೋವರದ ದಡದಿಂದ ಹೊರಬಿದ್ದರು. ನಾವು ಇವತ್ತು ಫೋಟೋ ತೆಗೆಯೋ ಕಾಡು ಹೆಚ್ಚಿನಂಶ ಆಮೇಲೆ ಮತ್ತೆ ಬೆಳೆದದ್ದು.

1960ರಲ್ಲಿ ಹತ್ತಿರದಲ್ಲೇ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಅದರ ಜೊತೆಗೆ ರಸ್ತೆ, ಹೋಟೆಲು, ಕ್ಯಾಸಿನೋ, ಮನೆಗಳು ಎಲ್ಲಾ ನುಗ್ಗಿದವು. ಸರೋವರದ ಸುತ್ತ ಫ್ರೀವೇ ಮಾಡೋಣ, ಎಮರಾಲ್ಡ್ ಬೇ ಬಾಯಿಗೆ ಅಡ್ಡಲಾಗಿ ಸೇತುವೆ ಕಟ್ಟೋಣ ಅಂತ ಯೋಜನೆಯೂ ಇತ್ತು. ನಂಬಿ, ಅದೇ ಎಮರಾಲ್ಡ್ ಬೇ! ಇದನ್ನ ತಡೆದದ್ದು ಯಾರದೋ ಹುಟ್ಟುಗುಣದ ಸಿವಿಕ್ ಸೆನ್ಸ್ ಅಲ್ಲ. ಜಗಳ. 1957ರಲ್ಲಿ ಶುರುವಾದ ಲೀಗ್ ಟು ಸೇವ್ ಲೇಕ್ ಟಾಹೋ ಅನ್ನೋ ಸಂಘದವರು ವರ್ಷಗಟ್ಟಲೆ ಮೀಟಿಂಗು, ಅರ್ಜಿ, ಕೋರ್ಟು ಅಂತ ಅಲೆದರು. ಬೇ ಏರಿಯಾದಲ್ಲಿ ಪ್ರತಿ ಹತ್ತನೇ ಕಾರಿನ ಹಿಂದೆ ಕಾಣೋ "ಕೀಪ್ ಟಾಹೋ ಬ್ಲೂ" ಸ್ಟಿಕ್ಕರ್ ಅವರದ್ದೇ.

ನನಗೆ ತುಂಬಾ ಇಷ್ಟವಾದ ಭಾಗ ಮಾತ್ರ ಒಂದು ತಟ್ಟೆಯ ಕತೆ. ಸೆಕ್ಕಿ ಡಿಸ್ಕ್ ಅಂತಾರೆ, ನಮ್ಮ ಊಟದ ತಟ್ಟೆಯಷ್ಟೇ ಅಗಲದ ಬಿಳೀ ಬಿಲ್ಲೆ. ಅದನ್ನ ಹಗ್ಗ ಕಟ್ಟಿ ನೀರೊಳಗೆ ಇಳಿಸ್ತಾ ಹೋಗೋದು. ಕಣ್ಣಿಗೆ ಕಾಣದೇ ಹೋದಾಗ ಹಗ್ಗ ಎಷ್ಟು ಉದ್ದ ಇಳಿದಿದೆ ನೋಡೋದು. ಅಷ್ಟೇ ವಿಜ್ಞಾನ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಡೇವಿಸ್‌ನ ಚಾರ್ಲ್ಸ್ ಗೋಲ್ಡ್‌ಮನ್ ಮತ್ತೆ ಅವರ ತಂಡ ಈ ಲೆಕ್ಕವನ್ನ 1968ರಿಂದ ಕ್ರಮವಾಗಿ ಇಟ್ಟಿದೆ. ಆ ವರ್ಷದ ಸರಾಸರಿ 102 ಅಡಿ. ಮಳೆ, ಹಿಮ, ಚಳಿ ಏನೇ ಇರಲಿ, ವರ್ಷದಲ್ಲಿ ಎಷ್ಟೋ ಸಲ ದೋಣಿ ಹೋಗುತ್ತೆ, ತಟ್ಟೆ ಇಳಿಯುತ್ತೆ, ಸಂಖ್ಯೆ ಬರೆದಿಡ್ತಾರೆ. ಇವತ್ತಿಗೂ.

ಈ ಸಂಖ್ಯೆ ಇಲ್ಲದಿದ್ರೆ ಯಾರಿಗೂ ಏನೂ ಗೊತ್ತಾಗ್ತಾನೇ ಇರಲಿಲ್ಲ. ಯಾಕಂದ್ರೆ ಸರೋವರ ಹಾಳಾಗೋದು ಒಂದೇ ದಿನದಲ್ಲಲ್ಲ. ವರ್ಷಕ್ಕೆ ಒಂದಡಿ ಮಬ್ಬಾದರೆ ದಡದಲ್ಲಿ ನಿಂತವರಿಗೆ ಕಾಣುತ್ತಾ? ಇಲ್ಲ. ಪ್ರತಿ ಬೇಸಿಗೆಯಲ್ಲೂ "ಆಹಾ, ಏನ್ ನೀಲಿ" ಅಂತಾನೇ ಇರ್ತಾರೆ. 2017ರಲ್ಲಿ ಆ ತಟ್ಟೆ 60 ಅಡಿಗೂ ಸ್ವಲ್ಪ ಮೊದಲೇ ಮರೆಯಾಯಿತು, ದಾಖಲೆಯಲ್ಲೇ ಕಡಿಮೆ. 2024ರ ಸರಾಸರಿ 62 ಅಡಿ ಚಿಲ್ಲರೆ. ಅಂದ್ರೆ ನಾವು ಬಾಯಿ ಬಿಟ್ಟು ನೋಡಿದ್ದು 1968ರ ಟಾಹೋ ಅಲ್ಲ. ಆ ತಿಳಿಯಲ್ಲಿ ಐದರಲ್ಲಿ ಎರಡು ಪಾಲು ಕಳಕೊಂಡ ಟಾಹೋ.

ಎರಡನೇ ವಿಷಯ ಪೈಪು. ಹೌದು, ಕೊಳಚೆ ಪೈಪು. ಟಾಹೋಗೆ 63 ತೊರೆಗಳು ಬಂದು ಸೇರ್ತವೆ, ಹೊರಗೆ ಹೋಗೋದು ಟ್ರಕ್ಕಿ ನದಿ ಒಂದೇ. ಆಳ 1,645 ಅಡಿ. ಒಳಗೆ ಬಂದ ನೀರು ಪೂರ್ತಿ ಬದಲಾಗೋಕೆ ಸುಮಾರು 650 ವರ್ಷ ಬೇಕು ಅಂತ ಲೆಕ್ಕ. ವಿಜಯನಗರದ ಕಾಲದಲ್ಲಿ ಯಾರಾದರೂ ಅದರಲ್ಲಿ ಏನಾದರೂ ಸುರಿದಿದ್ದಿದ್ದರೆ ಅದು ಈಗ ಹೊರಗೆ ಹೋಗೋ ಹೊತ್ತು! ಹಾಗಾಗಿ 1960ರ ದಶಕದಲ್ಲೇ ಅಲ್ಲಿನವರು ಒಂದು ತೀರ್ಮಾನಕ್ಕೆ ಬಂದರು: ಕೊಳಚೆ ಶುದ್ಧ ಮಾಡಿದ್ದಾದರೂ ಸರಿ, ಸರೋವರಕ್ಕೆ ಬಿಡೋ ಹಾಗಿಲ್ಲ. ಸೌತ್ ಟಾಹೋದ ನೀರನ್ನ 1968ರಿಂದ ಪಂಪ್ ಮಾಡಿ, ಬೆಟ್ಟ ಹತ್ತಿಸಿ, ಲೂಥರ್ ಪಾಸ್ ದಾಟಿಸಿ, ಪಕ್ಕದ ಆಲ್ಪೈನ್ ಕೌಂಟಿಗೆ ಕಳಿಸ್ತಾ ಇದ್ದಾರೆ. ಅಲ್ಲಿ ಅದು ದನ ಸಾಕುವವರ ಹುಲ್ಲುಗಾವಲಿಗೆ ಹೋಗುತ್ತೆ. ಆಮೇಲೆ ಉಳಿದ ಊರುಗಳೂ ತಮ್ಮ ಕೊಳಚೆಯನ್ನ ಹೊರಗೇ ಕಳಿಸೋಕೆ ಶುರುಮಾಡಿದವು. ನಮ್ಮ ಕ್ಯಾಬಿನ್ನಿನಲ್ಲಿ ಎಂಟು ಜನ ಸ್ನಾನ ಮಾಡಿ, ಕುಕ್ಕರ್ ತೊಳೆದ ನೀರೂ ಹೀಗೇ ಬೆಟ್ಟ ಹತ್ತಿ ಹೋಗಿರುತ್ತೆ. ಆ ಪೈಪಿನ ಫೋಟೋ ಯಾರೂ ತೆಗೆಯಲ್ಲ. ತೆಗೆಯಬೇಕಾದ್ದು ಅದನ್ನೇ.

ಮೂರನೇ ವಿಷಯ ಹಲ್ಲಿರೋ ಪ್ರಾಧಿಕಾರ. ಸರೋವರದ ನಡುವೆ ರಾಜ್ಯದ ಗಡಿ ಹಾದುಹೋಗುತ್ತೆ, ಮೂರನೇ ಎರಡು ಭಾಗ ಕ್ಯಾಲಿಫೋರ್ನಿಯಾ, ಉಳಿದದ್ದು ನೆವಾಡಾ. ಇಬ್ಬರೂ ಬೇರೆ ಬೇರೆ ರಾಗ ಹಾಡ್ತಾ ಕೂತಿದ್ದರೆ ಕತೆ ಮುಗೀತಿತ್ತು. 1969ರಲ್ಲಿ ಎರಡೂ ರಾಜ್ಯ ಸೇರಿ, ಅಮೆರಿಕದ ಸಂಸತ್ತಿನ ಒಪ್ಪಿಗೆ ಪಡೆದು, ಟಾಹೋ ರೀಜನಲ್ ಪ್ಲಾನಿಂಗ್ ಏಜೆನ್ಸಿ ಅಂತ ಒಂದನ್ನ ಮಾಡಿಕೊಂಡವು. ಎಲ್ಲಿ ಮನೆ ಕಟ್ಟಬಹುದು, ಎಷ್ಟು ನೆಲಕ್ಕೆ ಸಿಮೆಂಟು ಹಾಕಬಹುದು ಅನ್ನೋವರೆಗೂ ಅದರ ಅಧಿಕಾರ. 80ರ ದಶಕದ ಆರಂಭದಲ್ಲಿ 32 ತಿಂಗಳ ಕಾಲ ಸೂಕ್ಷ್ಮ ಜಾಗಗಳಲ್ಲಿ ಹೊಸ ಕಟ್ಟಡವನ್ನೇ ನಿಲ್ಲಿಸಿಬಿಟ್ಟಿತು. ನಿವೃತ್ತಿಗೆ ಅಂತ ಸೈಟು ತಗೊಂಡಿದ್ದ ಸಾಮಾನ್ಯ ಜನ ಕೋರ್ಟಿಗೆ ಹೋದರು. ಅದು ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2002ರಲ್ಲಿ ತೀರ್ಪು ಬಂದದ್ದು ಏಜೆನ್ಸಿ ಪರ. 2011ರಲ್ಲಿ ನೆವಾಡಾ "ನಾವು ಈ ಒಪ್ಪಂದದಿಂದ ಹೊರಗೆ ಹೋಗ್ತೀವಿ" ಅಂತ ಕಾನೂನನ್ನೇ ಮಾಡಿ ಹೆದರಿಸಿತು. 2013ರಲ್ಲಿ ಅದನ್ನ ವಾಪಸ್ ತಗೊಂಡಿತು.

ಸೈಟು ತಗೊಂಡು ಮನೆ ಕಟ್ಟೋಕಾಗದೆ ವಯಸ್ಸಾದವರ ಬಗ್ಗೆ ನನಗೆ ನಿಜವಾಗಲೂ ಪಾಪ ಅನ್ಸುತ್ತೆ. ಇದನ್ನ ಯಾಕೆ ಹೇಳಿದೆ ಅಂದ್ರೆ, ಆ ನೀಲಿಗೆ ಬೆಲೆ ಇತ್ತು, ಅದನ್ನ ಯಾರೋ ಕೊಟ್ಟರು. ಪುಕ್ಕಟೆ ಬಂದದ್ದಲ್ಲ.

ಇನ್ನು ಅಲ್ಲಿನ ಜನರ ಸಿವಿಕ್ ಸೆನ್ಸಿಗೆ ಬರೋಣ. 2023ರ ಜುಲೈ 4, ಇಲ್ಲಿಯ ಸ್ವಾತಂತ್ರ್ಯ ದಿನ. ಜನ ಟಾಹೋ ಬೀಚುಗಳಲ್ಲಿ ಹಬ್ಬ ಮಾಡಿ ಹೋದರು. ಮಾರನೇ ದಿನ ಸ್ವಯಂಸೇವಕರು ಎತ್ತಿದ ಕಸ 8,500 ಪೌಂಡಿಗೂ ಜಾಸ್ತಿ, ಅಂದ್ರೆ ನಾಲ್ಕು ಟನ್ನಿನ ಹತ್ತಿರ. ಅದರ ದೊಡ್ಡ ಪಾಲು ಜೆಫಿರ್ ಶೋಲ್ಸ್ ಅನ್ನೋ ಒಂದೇ ಬೀಚಿನದ್ದು. ಬಿಯರ್ ಕ್ಯಾನು, ಪ್ಲಾಸ್ಟಿಕ್ಕು, ಮುರಿದ ಕುರ್ಚಿ. ಅದು ಬೆಂಗಳೂರಿನ ಜನ ಹಾಕಿದ ಕಸ ಅಲ್ಲ ಸ್ವಾಮಿ! ಜನ ಎಲ್ಲಾ ಕಡೆ ಜನಾನೇ. ವ್ಯತ್ಯಾಸ ಇದ್ದದ್ದು ಮಾರನೇ ದಿನದಲ್ಲಿ. ಮಾರನೇ ಬೆಳಿಗ್ಗೆ ಕಸ ಎತ್ತೋಕೆ ಜನ ಸಿದ್ಧರಿದ್ದರು, ಎತ್ತಿದ್ದನ್ನ ತೂಕ ಮಾಡಿದರು, ತೂಕವನ್ನ ಪತ್ರಿಕೆಗೆ ಕೊಟ್ಟರು. ಮುಂದಿನ ವರ್ಷ ಆ ಬೀಚಿನಲ್ಲಿ ನಿಯಮ ಬಿಗಿ ಆಯಿತು.

ಹಾಗಂತ ಟಾಹೋ ಸ್ವರ್ಗ ಅಂತ ನಾನು ಹೇಳ್ತಿಲ್ಲ. ತಿಳಿ ಕಡಿಮೆ ಆಗೋಕೆ ದೊಡ್ಡ ಕಾರಣ ಊರು ಮತ್ತೆ ರಸ್ತೆಗಳಿಂದ ತೊಳೆದುಕೊಂಡು ಬರೋ ತೀರಾ ಸಣ್ಣ ಧೂಳು. ನಮ್ಮಂಥ ವೀಕೆಂಡ್ ಜನರ ಕಾರಿನ ಚಕ್ರ ಅರೆಯೋದೂ ಅದನ್ನೇ. ಮನೆಗಳೆಲ್ಲಾ ಬಾಡಿಗೆ ಕ್ಯಾಬಿನ್ ಆಗಿ, ಅಲ್ಲೇ ಕೆಲಸ ಮಾಡೋರಿಗೆ ಅಲ್ಲೇ ಮನೆ ಸಿಗೋದು ಕಷ್ಟವಾಗಿದೆ. 2018ರಲ್ಲಿ ಸೌತ್ ಲೇಕ್ ಟಾಹೋ ಊರಿನ ಮತದಾರರು ಇಂಥ ಬಾಡಿಗೆಗೆ ಕಡಿವಾಣ ಹಾಕೋ ನಿರ್ಣಯಕ್ಕೆ ಮತ ಹಾಕಿದರು, ಗೆದ್ದದ್ದು ಬರೀ 58 ಮತದಿಂದ. ಆಮೇಲೆ ಅದೂ ಕೋರ್ಟ್ ಮೆಟ್ಟಿಲೇರಿತು. ಜಗಳ ನಿಂತಿಲ್ಲ. ನಿಲ್ಲದೇ ಇರೋದೇ ಆ ಸರೋವರದ ಆರೋಗ್ಯದ ಗುಟ್ಟು ಅಂತ ನನ್ನ ಅನಿಸಿಕೆ.

ಈಗ ಕೋಲಾರದವನ ಮಾತಿಗೆ ಬರ್ತೀನಿ. ಅವನು ಅವತ್ತು ರಾತ್ರಿ ಹೇಳಿದ್ದು ಇಷ್ಟು: "ಲೇ, ಟಾಹೋನ ದೇವರು ಮಾಡಿದ್ದು. ನಮ್ಮ ಕೆರೇನ ನಾವೇ ಮಾಡಿದ್ದು. ಯಾರಿಗೆ ಸೆನ್ಸ್ ಜಾಸ್ತಿ ಇತ್ತು ಹೇಳು?"

ಎಲ್ಲರೂ ನಕ್ಕೆವು. ಆದರೆ ಅವನು ಹೇಳಿದ್ದು ನಿಜ. ಬೆಂಗಳೂರು, ಕೋಲಾರದ ಕಡೆ ವರ್ಷವಿಡೀ ಹರಿಯೋ ನದಿ ಇಲ್ಲ. ಅದಕ್ಕೇ ನಮ್ಮ ಹಿಂದಿನವರು ಇಳಿಜಾರು ನೋಡಿ, ಏರಿ ಕಟ್ಟಿ, ತೂಬು ಇಟ್ಟು, ಕೋಡಿ ಬಿಟ್ಟು, ಒಂದು ಕೆರೆ ತುಂಬಿದರೆ ಅದರ ಕೆಳಗಿನ ಕೆರೆಗೆ ನೀರು ಹೋಗೋ ಹಾಗೆ ಸರಪಳಿ ಮಾಡಿದರು. ನೀರು ಬಿಡೋಕೆ ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನೋದು ಅವನ ಲೆಕ್ಕ. ಅವನಿಗೆ ಊರಿನವರು ಸುಗ್ಗಿಯಲ್ಲಿ ಕಾಳು ಕೊಡ್ತಿದ್ದರು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳು ತೆಗೆದು ಹೊಲಕ್ಕೆ ಹೊಡೀತಿದ್ದರು. ಅಳತೆ ಇತ್ತು, ಆಳು ಇದ್ದ, ನಿಯಮ ಇತ್ತು. ಟಾಹೋದವರು ಇಪ್ಪತ್ತನೇ ಶತಮಾನದಲ್ಲಿ ಕಲಿತದ್ದನ್ನ ನಮ್ಮ ಹಳ್ಳಿಗಳು ಅವುಗಳದ್ದೇ ರೀತಿಯಲ್ಲಿ ಎಂದೋ ಮಾಡಿದ್ದವು. ಆ ವ್ಯವಸ್ಥೆಯಲ್ಲಿ ಜಾತಿಯ ಏರುಪೇರು ಇತ್ತು, ಅದನ್ನ ಮುಚ್ಚಿಡಬೇಕಾಗಿಲ್ಲ. ಆದರೆ "ನಮ್ಮ ಜನಕ್ಕೆ ಗೊತ್ತೇ ಇರಲಿಲ್ಲ" ಅನ್ನೋದು ಮಾತ್ರ ಸುಳ್ಳು.

ಹಾಗಾದ್ರೆ ಕೆಟ್ಟದ್ದು ಎಲ್ಲಿ? ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ಊರು ನಗರವಾಯಿತು, ಗದ್ದೆ ಹೋಯಿತು. ಗದ್ದೆ ಹೋದಮೇಲೆ ಕೆರೆ ಯಾರಿಗೂ ಬೇಡವಾಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಕುಡಿಯೋಕೆ ಕಾವೇರಿಯನ್ನ ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದರು. ಭೇಷ್. ಆದರೆ ಮನೆಗೆ ಬಂದ ನೀರು ಮನೆಯಿಂದ ಹೊರಗೂ ಹೋಗಬೇಕಲ್ಲ? ನೀರು ತರೋ ಕೊಳವೆ ಬೆಳೆದಷ್ಟು ಬೇಗ ಕೊಳಚೆ ಒಯ್ಯೋ ಕೊಳವೆ ಬೆಳೆಯಲಿಲ್ಲ. ಮಳೆನೀರಿನ ರಾಜಕಾಲುವೆಗೇ ಕೊಳಚೆ ಬಿಟ್ಟರು. ರಾಜಕಾಲುವೆ ನೇರವಾಗಿ ಕೆರೆಗೆ. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿದ್ದು, 2015, 2017, ಮತ್ತೆ 2018ರಲ್ಲಿ ಬೆಂಕಿ ಹೊತ್ತಿಕೊಂಡಿದ್ದು, ದಾರಿಯಲ್ಲಿ ಹೋಗೋನು ಬಾಳೆಹಣ್ಣಿನ ಸಿಪ್ಪೆ ಎಸೆದಿದ್ದಕ್ಕಲ್ಲ. ಲಕ್ಷಾಂತರ ಮನೆಗಳ ಬಚ್ಚಲು, ಪಾಯಿಖಾನೆ, ಬಟ್ಟೆ ತೊಳೆದ ನೀರು ಅಲ್ಲಿಗೆ ಬಂದದ್ದಕ್ಕೆ. ಸಿಪ್ಪೆ ಎಸೆಯೋನಿಗೆ ಬುದ್ಧಿ ಹೇಳಿ ಅದನ್ನ ಸರಿ ಮಾಡೋಕಾಗಲ್ಲ.

ಪ್ರಾಧಿಕಾರದ ಕತೆ ಕೇಳಿ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಅಂತ ಒಂದಾಯಿತು. ಅದು ಕೆಲವು ಕೆರೆಗಳನ್ನ ಖಾಸಗಿಯವರಿಗೆ ಗುತ್ತಿಗೆ ಕೊಡೋಕೆ ಹೊರಟು, ಜನ ಹೈಕೋರ್ಟಿಗೆ ಹೋದರು. 2014ರಲ್ಲಿ ಹೊಸ ಕಾಯ್ದೆ, ಹೊಸ ಪ್ರಾಧಿಕಾರ. 2018ರಲ್ಲಿ ಅದನ್ನೂ ಬರಖಾಸ್ತು ಮಾಡಿ ಕೆಲಸವನ್ನ ಸಣ್ಣ ನೀರಾವರಿ ಇಲಾಖೆಗೆ ಕೊಟ್ಟರು. ಈ ಮಧ್ಯೆ ಕೆಲವು ಕೆರೆ ಬಿಡಿಎ ಕೈಲಿ, ಹೆಚ್ಚಿನವು ಬಿಬಿಎಂಪಿ ಕೈಲಿ, ಕೊಳಚೆ ಜಲಮಂಡಳಿ ಕೈಲಿ, ಹೊಗೆ ಬಂದರೆ ಮಾಲಿನ್ಯ ಮಂಡಳಿ. 2025ರಲ್ಲಿ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದವು. ಟಾಹೋದಲ್ಲಿ 1969ರಿಂದ ಒಂದೇ ಏಜೆನ್ಸಿ. ನಮ್ಮಲ್ಲಿ ದೂರು ಕೊಡೋನು ಯಾವ ಬಾಗಿಲು ಅಂತ ಹುಡುಕೋದರೊಳಗೆ ಬಾಗಿಲೇ ಬದಲಾಗಿರುತ್ತೆ.

ಇಷ್ಟರ ನಡುವೆಯೂ ನಮ್ಮ ಜನ ಸುಮ್ಮನೆ ಕೂತಿಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ, ಇವೆರಡನ್ನೂ 2010ರ ಆಸುಪಾಸಿನಲ್ಲಿ ಅಕ್ಕಪಕ್ಕದ ನಿವಾಸಿಗಳು ಪಾಲಿಕೆ ಜೊತೆ ನಿಂತು, ಗಂಟುಬಿದ್ದು, ಬದುಕಿಸಿದರು. ಅಲ್ಲೀಗ ಹಕ್ಕಿ ನೋಡೋಕೆ ಜನ ಬರ್ತಾರೆ. ಜಕ್ಕೂರು ಕೆರೆಯಲ್ಲಿ ಕೊಳಚೆ ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ತೇವಭೂಮಿ ದಾಟಿ ಕೆರೆಗೆ ಸೇರುತ್ತೆ, ಬಲೆ ಬೀಸೋ ಮೀನುಗಾರರಿಗೂ ಅಲ್ಲಿ ಜಾಗ ಇದೆ. ಅಷ್ಟೇ ಯಾಕೆ, 2018ರಿಂದ ಕೋರಮಂಗಲ-ಚಲ್ಲಘಟ್ಟ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಾ ಇದೆ. ಟಾಹೋ ನೀರು ಆಲ್ಪೈನ್ ಕೌಂಟಿಗೆ ಹೋದ ಹಾಗೇ! ನಮ್ಮ ಕೋಲಾರದವನು ಅದಕ್ಕೆ ಪೂರ್ತಿ ಖುಷಿನೂ ಪಡಲ್ಲ, ಪೂರ್ತಿ ಬೈಯೋದೂ ಇಲ್ಲ. "ನಮ್ಮ ಬಾವೀಲಿ ನೀರು ಮೇಲೆ ಬಂತು. ಆದ್ರೆ ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಕಳಿಸ್ತಾರೆ. ಮೂರನೇ ಹಂತ ಯಾಕೆ ಮಾಡಲ್ಲ? ಬೆಂಗಳೂರಿನವರು ಕುಡಿಯೋದು ಕಾವೇರಿ, ನಮಗೆ ಅದರ ಬಚ್ಚಲು" ಅಂದ. ಇದು ಸರಿಯಾದ ಪ್ರಶ್ನೆ ಅಂತ ನನಗನ್ಸುತ್ತೆ. "ಸಿವಿಕ್ ಸೆನ್ಸ್ ಇಲ್ಲ" ಅನ್ನೋದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. "ಮೂರನೇ ಹಂತ ಯಾಕಿಲ್ಲ" ಅನ್ನೋದಕ್ಕೆ ಒಬ್ಬ ಇಂಜಿನಿಯರ್, ಒಬ್ಬ ಮಂತ್ರಿ ಉತ್ತರ ಕೊಡಲೇಬೇಕು.

ಹೊರದೇಶದಲ್ಲಿ ಕೂತ ನಮಗೆ ಇದರಲ್ಲೇನು ಪಾತ್ರ? ತುಂಬಾ ಇದೆ, ನಾವು ಅಂದುಕೊಂಡ ಜಾಗದಲ್ಲಲ್ಲ. ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಬೆಳ್ಳಂದೂರು, ವರ್ತೂರು, ಸರ್ಜಾಪುರ ರಸ್ತೆ ಸುತ್ತಮುತ್ತ ಎದ್ದ ಫ್ಲ್ಯಾಟುಗಳನ್ನ ಕೊಂಡವರಲ್ಲಿ ನಮ್ಮಂಥವರು ಬೇಕಾದಷ್ಟು ಜನ. ಅವತ್ತು ಆ ಕ್ಯಾಬಿನ್ನಿನಲ್ಲಿದ್ದ ಎಂಟು ಜನರಲ್ಲೇ ಇಬ್ಬರದ್ದಿದೆ. ಬ್ರೋಶರಿನಲ್ಲಿ "ಲೇಕ್ ವ್ಯೂ" ಅಂತ ಬರೆದು, ಚದರಡಿಗೆ ಜಾಸ್ತಿ ತಗೊಂಡು ಮಾರಿದ್ದು. ಆ ಬಾಲ್ಕನಿಯಿಂದ ಕೆರೆ ಕಾಣುತ್ತೆ, ಸರಿ. ಆ ಫ್ಲ್ಯಾಟಿನ ಬಚ್ಚಲು ನೀರು ಎಲ್ಲಿಗೆ ಹೋಗುತ್ತೆ? ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಎಸ್‌ಟಿಪಿ ಇರುತ್ತೆ. ಅದು ಓಡ್ತಾ ಇದೆಯಾ? ಅಥವಾ ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಬಂದ್ ಮಾಡಿ, ಟ್ಯಾಂಕರಿನವನ ಕೈಗೆ ಕೊಟ್ಟು, ಅವನು ಎಲ್ಲೋ ಮೋರಿಗೆ ಸುರಿದು ಹೋಗ್ತಾನಾ?

ಬಾಡಿಗೆ ಬಂತಾ ಅಂತ ಪ್ರತಿ ತಿಂಗಳೂ ಬ್ಯಾಂಕ್ ಖಾತೆ ನೋಡ್ತೀವಿ. ಮೇಂಟೆನೆನ್ಸ್ ಸಾವಿರ ರೂಪಾಯಿ ಜಾಸ್ತಿ ಮಾಡಿದರೆ ಅಸೋಸಿಯೇಷನ್ ಗುಂಪಿನಲ್ಲಿ ಮೂರು ದಿನ ಜಗಳ ಆಡ್ತೀವಿ. ಅದೇ ಗುಂಪಿನಲ್ಲಿ "ಎಸ್‌ಟಿಪಿ ಹೊರಬಿಡೋ ನೀರಿನ ಟೆಸ್ಟ್ ರಿಪೋರ್ಟ್ ಎಲ್ಲಿ, ಕಳಿಸಿ" ಅಂತ ತಿಂಗಳಿಗೊಂದು ಸಾಲು ಬರೆಯೋಕೆ ವಿಮಾನ ಹತ್ತಿ ಬರಬೇಕಾಗಿಲ್ಲ. ಫ್ಲ್ಯಾಟಿನ ಮಾಲೀಕರು ನಾವು, ಕೇಳೋ ಹಕ್ಕು ನಮಗಿದೆ. ಅದನ್ನ ಸರಿಯಾಗಿ ನಡೆಸೋಕೆ ಮೇಂಟೆನೆನ್ಸ್ ಜಾಸ್ತಿ ಆಗುತ್ತೆ ಅಂದ್ರೆ, ಕೊಡೋದು. ಟಾಹೋದ ಸೈಟಿನವರು ಕೊಟ್ಟ ಬೆಲೆಯ ಮುಂದೆ ಇದು ಏನೂ ಅಲ್ಲ.

ಕ್ಯಾಬಿನ್ನಿನಲ್ಲಿ ಇದನ್ನ ಹೇಳಿದಾಗ ಒಬ್ಬಳು ಗೆಳತಿ, ಹಾಸನದವಳು, ಬೇರೆ ವಾದ ಹೂಡಿದಳು. "ಒಂದು ಅಪಾರ್ಟ್‌ಮೆಂಟ್ ಸರಿ ಮಾಡಿದ್ರೆ ಕೆರೆ ಸರಿ ಹೋಗುತ್ತಾ? ಇದು ಸರ್ಕಾರದ ಕೆಲಸ. ನಾವು ನಾವೇ ಹೊತ್ಕೊಂಡ್ರೆ ಅವರು ಆರಾಮಾಗಿ ಕೂತ್ಕೋತಾರೆ." ಅವಳ ಮಾತನ್ನ ನಾನು ತಳ್ಳಿಹಾಕಲ್ಲ. ಟಾಹೋದಲ್ಲೂ ಕೆಲಸ ಮಾಡಿದ್ದು ಸರ್ಕಾರದ ದುಡ್ಡು, ಸರ್ಕಾರದ ಪೈಪು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಬಂದು ಸರೋವರದಲ್ಲಿ ದೋಣಿ ಹತ್ತಿದ ಮೇಲೆ, 2000ದಲ್ಲಿ ಅಮೆರಿಕದ ಸಂಸತ್ತು ಹತ್ತು ವರ್ಷಕ್ಕೆ 300 ಮಿಲಿಯನ್ ಡಾಲರ್‌ಗೆ ಒಪ್ಪಿಗೆ ಕೊಟ್ಟಿತು. ಅಷ್ಟು ದುಡ್ಡು ಯಾವ ಸಂಘದ ಹತ್ತಿರವೂ ಇರಲ್ಲ. ಆದರೆ ಅಧ್ಯಕ್ಷರು ದೋಣಿ ಹತ್ತುವಾಗ ಅವರ ಮುಂದೆ ಇಡೋಕೆ ಸುಮಾರು ಮೂವತ್ತು ವರ್ಷದ ತಟ್ಟೆ ಲೆಕ್ಕ ಸಿದ್ಧ ಇತ್ತಲ್ಲ, ಅದು ಮುಖ್ಯ. ಲೆಕ್ಕ ಇರೋನು ಕೇಳಿದರೆ ಸರ್ಕಾರ ಕೇಳಿಸಿಕೊಳ್ಳಬೇಕಾಗುತ್ತೆ. ನಿಟ್ಟುಸಿರು ಬಿಡೋನಿಗೆ ಯಾರೂ ಉತ್ತರ ಕೊಡಲ್ಲ.

ಹಾಗಾಗಿ ಮುಂದಿನ ಸಲ ಯಾರಾದರೂ ದಡದಲ್ಲಿ ನಿಂತು "ನಮ್ಮ ಜನ ಸರಿ ಇಲ್ಲ" ಅಂದರೆ, ದಯವಿಟ್ಟು ಮೂರು ಪ್ರಶ್ನೆ ಕೇಳಿ. ನಿನ್ನೂರಿನ ಕೆರೆಯ ನೀರನ್ನ ಯಾರು ಅಳೀತಾರೆ? ಕೊಳಚೆ ಯಾವ ಪೈಪಿನಲ್ಲಿ ಎಲ್ಲಿಗೆ ಹೋಗುತ್ತೆ? ಕೆಟ್ಟರೆ ಹೊಣೆ ಯಾರದು? ಮೂರಕ್ಕೂ ಉತ್ತರ ಇರೋ ಊರಿನ ಕೆರೆ ಬದುಕುತ್ತೆ, ಅಲ್ಲಿನ ಜನ ಎಂಥವರೇ ಇರಲಿ.

ಬ್ಲಾಗ್ ಬರೆಯೋ ಗೆಳೆಯರಿಗೆ ಒಂದು ಕೋರಿಕೆ. ನಾವು ಬರೆಯೋರು ತಾನೆ, ನಮ್ಮ ಕೈಲಿರೋ ತಟ್ಟೆ ಇದೇ. ನಿಮ್ಮ ನಿಮ್ಮ ಊರಿನ ಒಂದು ಕೆರೆ ಬಗ್ಗೆ ಬರೀರಿ. ಹೆಸರೇನು, ಏರಿ ಮೇಲೆ ಯಾವ ಗುಡಿ ಇದೆ, ಕೋಡಿ ಕೊನೇ ಸಲ ಹರಿದದ್ದು ಯಾವ ವರ್ಷ, ನೀರುಗಂಟಿ ಇದ್ದನಾ, ಈಗ ಅದಕ್ಕೆ ಯಾವ ಮೋರಿ ಸೇರಿದೆ. ಊರಿಗೆ ಫೋನ್ ಮಾಡಿದಾಗ ಅಮ್ಮನ ಹತ್ತಿರ ಅಲ್ಲ, ಅಜ್ಜನ ವಯಸ್ಸಿನವರು ಯಾರಾದರೂ ಇದ್ದರೆ ಅವರ ಹತ್ತಿರ ಕೇಳಿ. ಹಳೇ ಫೋಟೋ ಇದ್ದರೆ ಹಾಕಿ, ಇಸವಿ ಬರೆಯೋದು ಮರೀಬೇಡಿ. ಇಸವಿ ಇಲ್ಲದ ನೆನಪು ಬರೀ ನಿಟ್ಟುಸಿರಾಗುತ್ತೆ. ಇಸವಿ ಇದ್ದರೆ ಅದೇ ಸಾಕ್ಷಿ.